ಪಿಯಾನೊ ಸ್ವರಶ್ರೇಣಿಯ ಬೆರಳುಕ್ರಮ

ಪಿಯಾನೊ ವಾದನದಲ್ಲಿ ಸ್ಕೇಲ್ ಎಂದು ಕರೆಯಲಾಗುವ ಸ್ವರಶ್ರೇಣಿಯನ್ನು ನುಡಿಸುವಾಗ ಯಾವ ಸ್ವರಕ್ಕೆ ಯಾವ ಬೆರಳನ್ನು ಬಳಸಬೇಕೆಂಬ ವ್ಯವಸ್ಥೆಯೇ ಬೆರಳುಕ್ರಮ. ಒಂದು ಸ್ಥಾಯಿಗೆ ಏಳು ಸ್ವರಗಳಿದ್ದರೆ ಕೈಗಿರುವುದು ಐದೇ ಬೆರಳುಗಳು. ಆದ್ದರಿಂದ ಶ್ರೇಣಿಯ ನಡುವೆ ಕೈ ತನ್ನ ಸ್ಥಾನವನ್ನು ಬದಲಿಸಲೇಬೇಕಾಗುತ್ತದೆ. ಈ ಸ್ಥಾನಪಲ್ಲಟ ಕೇಳುಗರಿಗೆ ಅರಿವಾಗದಂತೆ ನಡೆಯಬೇಕು. ಇದಕ್ಕೆ ಬೆರಳುಗಳ ಬಲಕ್ಕಿಂತ ಹೆಬ್ಬೆರಳಿನ ಪೂರ್ವಸಿದ್ಧತೆ ಹಾಗೂ ಮುಂಗೈಯ ಸರಾಗ ಚಲನೆ ಮುಖ್ಯ.

ಹಿನ್ನೆಲೆ

ಯುರೋಪಿನ ಹಳೆಯ ಕೀಲಿಮಣೆ ವಾದ್ಯಗಳಲ್ಲಿ ಹೆಬ್ಬೆರಳಿನ ಬಳಕೆ ಕಡಿಮೆಯಿತ್ತು. ನಡುಬೆರಳು ಮತ್ತು ಉಂಗುರಬೆರಳುಗಳನ್ನು ಒಂದನ್ನೊಂದು ದಾಟಿಸಿ ಶ್ರೇಣಿಗಳನ್ನು ನುಡಿಸುವ ಪದ್ಧತಿ ರೂಢಿಯಲ್ಲಿತ್ತು. ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ 1753ರಲ್ಲಿ ಪ್ರಕಟಿಸಿದ ವಾದನ ಗ್ರಂಥದಲ್ಲಿ ಹೆಬ್ಬೆರಳಿಗೆ ಪ್ರಧಾನ ಸ್ಥಾನ ನೀಡಿದನು. ದೂರದ ಸ್ವರಗಳನ್ನು ಮುಟ್ಟಬೇಕಾದಾಗ ಮಾತ್ರ ಹೆಬ್ಬೆರಳನ್ನು ಬಳಸುತ್ತಿದ್ದ ದೊಡ್ಡ ವಾದಕರನ್ನು ತನ್ನ ತಂದೆ ಜೊಹಾನ್ ಸೆಬಾಸ್ಟಿಯನ್ ಬಾಖ್ ಯೌವನದಲ್ಲಿ ಕೇಳಿದ್ದನೆಂದು ಆತ ದಾಖಲಿಸಿದ್ದಾನೆ.

ಮೂಲ ನಿಯಮಗಳು

ಪಿಯಾನೊದಲ್ಲಿ ಹೆಬ್ಬೆರಳಿಗೆ 1, ಕಿರುಬೆರಳಿಗೆ 5 ಎಂಬ ಸಂಖ್ಯೆಗಳಿವೆ. ಪಿಟೀಲಿನಲ್ಲಿ ತೋರುಬೆರಳೇ 1 ಆಗಿರುವುದರಿಂದ ಆ ವಾದ್ಯ ಬಲ್ಲವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಸಿ ಮೇಜರ್ ಶ್ರೇಣಿಯ ಸ್ವರಗಳು ಕರ್ನಾಟಕ ಸಂಗೀತದ ಧೀರಶಂಕರಾಭರಣ ಮೇಳದ ಸ್ವರಸ್ಥಾನಗಳಿಗೆ ಹೊಂದುತ್ತವೆ. ಇದರ ಆರೋಹಣದಲ್ಲಿ ಬಲಗೈ ಕ್ರಮ 1-2-3-1-2-3-4-5. ಮೂರನೆಯ ಸ್ವರದ ನಂತರ ಹೆಬ್ಬೆರಳು ನಡುಬೆರಳಿನ ಕೆಳಗಿನಿಂದ ಸಾಗಿ ನಾಲ್ಕನೆಯ ಸ್ವರವನ್ನು ಹಿಡಿಯುತ್ತದೆ. ಎಡಗೈ ಕ್ರಮ 5-4-3-2-1-3-2-1. ಇಲ್ಲಿ ನಡುಬೆರಳು ಹೆಬ್ಬೆರಳಿನ ಮೇಲಿನಿಂದ ದಾಟುತ್ತದೆ. ಅವರೋಹಣದಲ್ಲಿ ಎರಡೂ ಕ್ರಮಗಳು ಹಿಂದುಮುಂದಾಗುತ್ತವೆ.

ಏಳು ಸ್ವರಗಳು ಮೂರು ಮತ್ತು ನಾಲ್ಕರ ಎರಡು ಗುಂಪುಗಳಾಗುವುದರಿಂದ ಉಂಗುರಬೆರಳಿಗೆ ಸಾಮಾನ್ಯವಾಗಿ ಸ್ಥಾಯಿಗೊಮ್ಮೆ ಮಾತ್ರ ಕೆಲಸ. ಅದು ಯಾವ ಸ್ವರದ ಮೇಲೆ ಬರುತ್ತದೆಂದು ನೆನಪಿಟ್ಟರೆ ಉಳಿದ ಕ್ರಮ ತಾನಾಗಿ ಹೊಂದಿಕೊಳ್ಳುತ್ತದೆ.

ಕಪ್ಪು ಕೀಲಿಗಳ ಪಾತ್ರ

ಹೆಬ್ಬೆರಳು ಗಿಡ್ಡವಾದುದರಿಂದ ಶ್ರೇಣಿಗಳಲ್ಲಿ ಅದನ್ನು ಎತ್ತರದ ಕಪ್ಪು ಕೀಲಿಗಳ ಮೇಲೆ ಇಡುವುದಿಲ್ಲ. ಎಫ್ ಮೇಜರ್ ಶ್ರೇಣಿಯ ನಾಲ್ಕನೆಯ ಸ್ವರ ಕಪ್ಪು ಕೀಲಿಯಾಗಿರುವುದರಿಂದಲೇ ಬಲಗೈ ಕ್ರಮ 1-2-3-4-1-2-3-4 ಎಂದು ಬದಲಾಗುತ್ತದೆ. ಬಿ ಮೇಜರ್ ಶ್ರೇಣಿಯಲ್ಲಿ ಐದು ಕಪ್ಪು ಕೀಲಿಗಳ ಮೇಲೆ ಉದ್ದ ಬೆರಳುಗಳೂ ಎರಡು ಬಿಳಿ ಕೀಲಿಗಳ ಮೇಲೆ ಹೆಬ್ಬೆರಳೂ ಸಹಜವಾಗಿ ಕೂರುತ್ತವೆ. ಈ ಕಾರಣದಿಂದ ಫ್ರೆಡೆರಿಕ್ ಶೋಪಾನ್ ತನ್ನ ಶಿಷ್ಯರಿಗೆ ಬಿ ಮೇಜರ್ ಶ್ರೇಣಿಯನ್ನು ಮೊದಲು ಕಲಿಸುತ್ತಿದ್ದನು. ಓದಲು ಸುಲಭವಾದ ಸಿ ಮೇಜರ್ ಕೈಗೆ ಕಠಿಣವೆಂಬುದು ಆತನ ನಿಲುವಾಗಿತ್ತು.

ಸಾಮಾನ್ಯ ದೋಷಗಳು

ಹೆಬ್ಬೆರಳು ಕೊನೆಯ ಕ್ಷಣದಲ್ಲಿ ಚಲಿಸಿದರೆ ಮಣಿಕಟ್ಟು ಕುಸಿಯುತ್ತದೆ, ಮೊಣಕೈ ಹೊರಕ್ಕೆ ಜಿಗಿಯುತ್ತದೆ, ಆ ಸ್ವರ ಅನಗತ್ಯವಾಗಿ ಗಟ್ಟಿಯಾಗಿ ಮೊಳಗುತ್ತದೆ. ಹೆಬ್ಬೆರಳು ತನ್ನ ಕೀಲಿಯನ್ನು ಬಿಟ್ಟೊಡನೆ ಮುಂದಿನ ಸ್ಥಾನದತ್ತ ಸಾಗತೊಡಗುವುದು ಇದಕ್ಕೆ ಪರಿಹಾರ. ಮುಂಗೈ ತಡೆತಡೆದು ಚಲಿಸದೆ ಕೈಯನ್ನು ಒಂದೇ ಸಮನೆ ಪಕ್ಕಕ್ಕೆ ಒಯ್ಯಬೇಕು. ಅತಿ ವೇಗದಲ್ಲಿ ಹೆಬ್ಬೆರಳನ್ನು ಪೂರ್ತಿಯಾಗಿ ಕೆಳಗೆ ಮಡಿಸಲು ಅವಕಾಶವಿರುವುದಿಲ್ಲ. ಆಗ ಇಡೀ ಕೈಯೇ ಹೊಸ ಸ್ಥಾನಕ್ಕೆ ಲಘುವಾಗಿ ಸರಿಯುತ್ತದೆ.

ಅಭ್ಯಾಸ ವಿಧಾನ

ಆರಂಭದಲ್ಲಿ ಎರಡೂ ಕೈಗಳನ್ನು ಪ್ರತ್ಯೇಕವಾಗಿ, ವಿಳಂಬದಲ್ಲಿ ಅಭ್ಯಾಸ ಮಾಡಬೇಕು. ಸಿ ಮೇಜರ್‌ನಲ್ಲಿ ಬಲಗೈಯ ಹೆಬ್ಬೆರಳ ಸ್ವರವನ್ನು ಒಂಟಿಯಾಗಿಯೂ 2-3 ಬೆರಳುಗಳ ಸ್ವರಗಳನ್ನು ಒಟ್ಟಿಗೂ, ಮತ್ತೆ ಹೆಬ್ಬೆರಳ ಸ್ವರವನ್ನು ಒಂಟಿಯಾಗಿಯೂ 2-3-4 ಬೆರಳುಗಳ ಸ್ವರಗಳನ್ನು ಒಟ್ಟಿಗೂ ನುಡಿಸಿದರೆ ಕೈಗೆ ಸ್ಥಾನಗಳ ಪರಿಚಯವಾಗುತ್ತದೆ. ನಂತರ ದಾಟುವ ಸ್ಥಳದ ಎರಡು ಮೂರು ಸ್ವರಗಳನ್ನಷ್ಟೇ ಹಿಂದೆ ಮುಂದೆ ನುಡಿಸಬೇಕು. ಸ್ವರಗಳು ಸಮನಾಗಿ ಕೇಳಿಸಿದ ಮೇಲೆ ಮಾತ್ರ ಮೆಟ್ರೊನೋಮ್ ನೆರವಿನಿಂದ ವೇಗವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು ಯುಕ್ತ.

ಎಚ್ಚರಿಕೆ

ಬಿಗಿದ ಕೈಯಿಂದ ದೀರ್ಘಕಾಲ ಅಭ್ಯಾಸ ಮಾಡುವುದರಿಂದ ಸ್ನಾಯುರಜ್ಜುಗಳಿಗೆ ಹಾನಿಯಾಗಬಹುದು. ಪಿಯಾನೊ ವಾದಕನಾಗಬೇಕೆಂದಿದ್ದ ರಾಬರ್ಟ್ ಶೂಮನ್ ಬಲಗೈ ಬೆರಳಿನ ತೊಂದರೆಯಿಂದ ಆ ಗುರಿಯನ್ನು ಕೈಬಿಟ್ಟು ಸಂಗೀತ ರಚನೆಯತ್ತ ತಿರುಗಿದನು. ಆ ತೊಂದರೆಯ ಕಾರಣದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ ಬೆರಳುಗಳನ್ನು ಬಲಪಡಿಸಲು ಆತ ಯಾಂತ್ರಿಕ ಸಾಧನವೊಂದನ್ನು ಬಳಸಿದ್ದನೆಂಬುದು ತಿಳಿದುಬರುತ್ತದೆ. ನೋವು, ಜೋಮು ಅಥವಾ ಬೆರಳುಗಳು ತಾವಾಗಿ ಮುದುಡುವ ಲಕ್ಷಣ ಕಂಡುಬಂದರೆ ಅಭ್ಯಾಸವನ್ನು ತಕ್ಷಣ ನಿಲ್ಲಿಸಬೇಕು. ಲಕ್ಷಣಗಳು ಮುಂದುವರಿದರೆ ವೈದ್ಯರನ್ನು ಕಾಣಬೇಕು.