ಅಕಾಲಿಕ ಶಿಶುಗಳ ಅಕ್ಷಿಪಟಲ ರೋಗ (ಆರ್‌ಒಪಿ)

ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು, ಕೊನೆಗೆ ಪಟಲವನ್ನೇ ಸೆಳೆದು ಕಳಚಬಲ್ಲ ರೋಗ. ನಂಜು, ರಕ್ತಹೀನತೆ, ಉಸಿರಾಟದ ತೊಂದರೆ, ಅಳತೆ ಮೀರಿದ ಆಮ್ಲಜನಕ ಅಪಾಯವನ್ನು ಹೆಚ್ಚಿಸುತ್ತವೆ. ಇಂಥ ಮಗುವಿನ ಚಿಕಿತ್ಸೆ ಬಲು ನಾಜೂಕು: ರೆಪ್ಪೆ ಬಿಡಿಸಿ ಹಿಡಿದಷ್ಟಕ್ಕೇ ಉಸಿರು ತಡೆದು, ಎದೆಬಡಿತ ಇಳಿಯಬಹುದು. ಆದ್ದರಿಂದ ಶಿಶುತಜ್ಞರ ಕಣ್ಗಾವಲಿನಲ್ಲಿ, ಮೈ ಬೆಚ್ಚಗಿರಿಸಿ, ಲೇಸರ್ ಹಾಯಿಸುತ್ತಾರೆ ಅಥವಾ ಕಣ್ಣಿಗೆ ಚುಚ್ಚುಮದ್ದು ಕೊಡುತ್ತಾರೆ.

ಈ ರೋಗವನ್ನು ಪತ್ತೆಹಚ್ಚಲು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾದೊಂದಿಗೆ ಜಿಲ್ಲೆಗಳ ಶಿಶು ಘಟಕಗಳಿಗೆ ತೆರಳಿ, ತೆಗೆದ ಚಿತ್ರಗಳನ್ನು ದೂರದ ತಜ್ಞರಿಗೆ ಕಳಿಸುತ್ತಾರೆ. ಸಣ್ಣ ಊರುಗಳ ಮಕ್ಕಳಿಗೆ ಬೇಕಾದದ್ದು ಇಂಥ ವ್ಯವಸ್ಥೆಯೇ. 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲೇ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತಪಾಸಣೆ ಮಾಡಿಸಲೇಬೇಕು.