ಮುರಿದ ಪಿನ್ನು, ಎಂಟು ರಾಜೀನಾಮೆ

ಸಿಲಿಕಾನ್ ವ್ಯಾಲಿಯ ಚರಿತ್ರೆ ಓದುವಾಗಲೆಲ್ಲ ನನ್ನ ಗಮನ ಒಂದು ಪಿನ್ನಿನ ಬಳಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ವಿಲಿಯಂ ಶಾಕ್ಲಿ ನಡೆಸುತ್ತಿದ್ದ ಪ್ರಯೋಗಾಲಯದ ಬಾಗಿಲಲ್ಲಿ ಅದು ಸಿಕ್ಕಿಕೊಂಡಿತ್ತು. ಕಾರ್ಯದರ್ಶಿಯ ಕೈಗೆ ಚುಚ್ಚಿತು. ಯಾರೋ ಬೇಕೆಂದೇ ಮಾಡಿದ್ದೆಂದು ಶಾಕ್ಲಿಗೆ ಗುಮಾನಿ. ನೌಕರರು ಸುಳ್ಳುಪತ್ತೆ ಪರೀಕ್ಷೆಗೆ ಕೂರಬೇಕೆಂದ. ಕೊನೆಗೆ ನೋಡಿದರೆ ಅದು ತಲೆ ಮುರಿದ ಸಾಧಾರಣ ಪಿನ್ನು.

ಶಾಕ್ಲಿ ಸಾಮಾನ್ಯನಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದ ಗುಂಪಿನ ಮುಖ್ಯಸ್ಥ. 1956ರಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಜೊತೆ ನೊಬೆಲ್ ಹಂಚಿಕೊಂಡವನು. ತನ್ನ ಕಂಪನಿಗೆ ಪ್ರತಿಭಾವಂತ ತರುಣರನ್ನು ತಾನೇ ಆರಿಸಿ ತಂದಿದ್ದ. ಆದರೆ ಅವರು ಕಂಡುಕೊಂಡದ್ದನ್ನು ನಂಬದೆ ಬೆಲ್ ಲ್ಯಾಬ್ಸ್‌ನ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದ. ಸಿಲಿಕಾನ್ ಟ್ರಾನ್ಸಿಸ್ಟರ್ ಮಾಡೋಣ ಎಂದು ಅವರೆಂದರೆ, ತನ್ನದೇ ನಾಲ್ಕು ಪದರಗಳ ಡಯೋಡಿಗೆ ಜೋತುಬಿದ್ದ.

1957ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಒಟ್ಟಿಗೆ ರಾಜೀನಾಮೆ ಕೊಟ್ಟರು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಹುಟ್ಟಿತು. ಮರುವರ್ಷವೇ ಐಬಿಎಂಗೆ 100 ಸಿಲಿಕಾನ್ ಟ್ರಾನ್ಸಿಸ್ಟರ್ ಮಾರಿದರು. 1959ರಲ್ಲಿ ಜೀನ್ ಹೋರ್ನಿಯ ಪ್ಲೇನಾರ್ ವಿಧಾನ ಬಂತು. ಅದರ ಬೆನ್ನಿಗೇ ರಾಬರ್ಟ್ ನಾಯ್ಸ್ ಇಡೀ ಸರ್ಕ್ಯೂಟನ್ನು ಒಂದೇ ಸಿಲಿಕಾನ್ ತುಣುಕಿನ ಮೇಲೆ ತರುವ ದಾರಿ ಕಂಡುಕೊಂಡ.

ನನ್ನನ್ನು ಕಾಡುವುದು ಇದೇ. ತಲೆಗಳು ಅವೇ, ವಿದ್ಯೆ ಅದೇ, ಊರೂ ಹೆಚ್ಚುಕಡಿಮೆ ಅದೇ. ಹೊಸದಾಗಿ ಸಿಕ್ಕಿದ್ದು ಬಂಡವಾಳ ಹಾಕುವ ಇನ್ನೊಬ್ಬ ಧಣಿ, ಮತ್ತು ಏನು ಮಾಡಬೇಕೆಂದು ತಾವೇ ಕೂತು ವಾದಿಸಿ ತೀರ್ಮಾನಿಸುವ ಸ್ವಾತಂತ್ರ್ಯ.

ಹಾಗೆಂದು ಕಥೆ ಸುಖಾಂತವಲ್ಲ. ಫೇರ್‌ಚೈಲ್ಡ್‌ನ ಲಗಾಮು ದೂರದ ಪೂರ್ವ ಕರಾವಳಿಯ ಮಾತೃಸಂಸ್ಥೆಯ ಕೈಯಲ್ಲಿತ್ತು. ದುಡಿದವರಿಗೆ ಪಾಲು ಕೊಡಲು ಅದು ಹಿಂದೆಮುಂದೆ ನೋಡಿತು. ಒಬ್ಬೊಬ್ಬರಾಗಿ ಹೊರಟರು. 1968ರಲ್ಲಿ ನಾಯ್ಸ್ ಮತ್ತು ಗಾರ್ಡನ್ ಮೂರ್ ಕೂಡ ಹೊರಬಂದು ಇಂಟೆಲ್ ಕಟ್ಟಿದರು. ಅಲ್ಲಿ ಯಜಮಾನರಿಗೆಂದು ಕಾರು ನಿಲ್ಲಿಸುವ ಪ್ರತ್ಯೇಕ ಜಾಗವೂ ಇರಲಿಲ್ಲ. ಒಳ್ಳೆಯ ವಾತಾವರಣ ಒಮ್ಮೆ ಕಟ್ಟಿದರೆ ಉಳಿಯುವ ಆಸ್ತಿಯಲ್ಲ, ದಿನವೂ ಕಾಪಾಡಿಕೊಳ್ಳಬೇಕಾದ್ದು ಎಂದು ಅವರಿಗೆ ಅರ್ಥವಾಗಿದ್ದಿರಬೇಕು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ನಮ್ಮೂರ ಕೆಲಸವೂ ಆಗಿದೆ. ನಮ್ಮ ಕಚೇರಿಗಳಲ್ಲಿ ಈಗ ಗಾಜಿನ ಗೋಡೆ, ಆಟದ ಕೋಣೆ, ಪುಕ್ಕಟೆ ಕಾಫಿ ಎಲ್ಲ ಇವೆ. ಆದರೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೀಟಿಂಗಿನಲ್ಲಿ ಎದ್ದು, "ಸಾರ್, ಈ ಲೆಕ್ಕ ತಪ್ಪಿದೆ ಅನ್ಸುತ್ತೆ" ಎಂದರೆ ಏನಾಗುತ್ತದೆ? ಲೆಕ್ಕವನ್ನು ಮತ್ತೆ ನೋಡುತ್ತಾರೋ, ಅವಳನ್ನು ನೋಡುತ್ತಾರೋ? ಕಚೇರಿಯ ವಾತಾವರಣವನ್ನು ನಾನು ಅಳೆಯುವುದು ಅಲ್ಲಿಂದ.