ಮೇಣದ ಮೂಗು

ಮಾನ್ವಿಯ ಸೀಮೆಯಲ್ಲಿ ಎಲ್ಲರೂ ಬಲ್ಲ ಕಥೆಯೊಂದುಂಟು. ಜಗನ್ನಾಥದಾಸರು ವ್ಯಾಧಿಯಿಂದ ನರಳುತ್ತಿದ್ದಾಗ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಪ್ರತೀತಿ. ಇದು ಭಕ್ತಿಯ ಮಾತು. ಕಳೆದುಹೋದ ಅಂಗವನ್ನು ಮನುಷ್ಯನು ಕೈಯಾರೆ ಕಟ್ಟಿಕೊಟ್ಟುದಕ್ಕೆ ಸಾಕ್ಷಿ ಬೇಕೆನ್ನುವವರು ಆ ದಾಸರ ಕಾಲದ್ದೇ ಆದ ಇನ್ನೊಂದು ಸಂಗತಿಯನ್ನು ನೋಡಬೇಕು.

1792ರ ಮಾತು. ಮೈಸೂರಿನ ಮೂರನೆಯ ಯುದ್ಧ. ರಾಯಚೂರು ಸೀಮೆಯ ಒಡೆಯನಾದ ನಿಜಾಮನು ಆಗ ಇಂಗ್ಲಿಷರ ಪಕ್ಷ. ಇಂಗ್ಲಿಷರ ದಂಡಿನಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷಕ್ಕೂ ಮಿಗಿಲಾಗಿ ಹಾಗೆಯೇ ಬಾಳಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗು ಕಟ್ಟಿದನು. ತೆಳ್ಳನೆಯ ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿ, ಅದನ್ನು ಬಿಡಿಸಿ ಹಣೆಯ ಮೇಲೆ ಹಾಸಿ, ಅದರ ಅಂಚಿನಗುಂಟ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಕೂಡಿಸಿದನು. ಎಲೆಯಡಕೆಯ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಸಂದುಗಳ ಮೇಲೆ ಹಚ್ಚಿದನು. ಆದರೆ ಕಣ್ಣುಗಳ ನಡುವೆ ಚರ್ಮದ ಒಂದು ಎಳೆಯನ್ನು ಕಡಿಯದೆ ಉಳಿಸಿದ್ದನು. ಹೊಸ ಮೂಗಿಗೆ ರಕ್ತ ಹರಿಯಲು ಅದೊಂದೇ ದಾರಿ. ಸುಮಾರು 25ನೆಯ ದಿನ ಅದನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ವಿಧಾನ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅದನ್ನೇ ಅನುಸರಿಸಿ ಲಂಡನ್ನಿನಲ್ಲಿ ಮೂಗು ಕಟ್ಟಿದನು.

ಇಂದು ಮೂರು ಆಯಾಮದ ಮುದ್ರಣದಿಂದ ಅಂಗಗಳನ್ನು ಮಾಡುವ ಮಾತು ಕೇಳುತ್ತೇವೆ. ಅಮೆರಿಕದ ಚಕ್ ಹಲ್ ಎಂಬಾತನು 1984ರಲ್ಲಿ ಪೇಟೆಂಟ್ ಕೋರಿದ ಯಂತ್ರ ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುತ್ತದೆ. ಮೇಣದ ಹಾಳೆಯ ಕೆಲಸವನ್ನು ಈಗ ಸ್ಕ್ಯಾನ್ ಮಾಡುತ್ತದೆ. ರೋಗಿಯ ಮೈಯ ಅಳತೆಗೇ ದವಡೆಯ ಎಲುಬು, ಕೃತಕ ಕೈ ಸಿದ್ಧವಾಗುತ್ತವೆ. 2015ರಲ್ಲಿ ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆ ಜೀವಕೋಶಗಳಿಂದ ಯಕೃತ್ತಿನ ಅಂಗಾಂಶದ ತುಣುಕುಗಳನ್ನೇ ಮುದ್ರಿಸಿತು. ಆದರೆ ಇಡಿಯ ಯಕೃತ್ತು ಇನ್ನೂ ದೂರ. ದಪ್ಪನಾದ ಅಂಗದ ಒಳಒಳಗೆ ರಕ್ತವನ್ನು ಮುಟ್ಟಿಸುವುದು ಹೇಗೆ? ಇಟ್ಟಿಗೆಯವನು ಕಡಿಯದೆ ಉಳಿಸಿದ ಎಳೆಯ ಪ್ರಶ್ನೆಯೇ ಇದು.

ಕಾವಸ್‌ಜಿಗೆ ಮೂಗು ಬಂದಿತು. ಕೈ ಕಟ್ಟುವ ವಿದ್ಯೆ ಆ ಕುಶಲಿಗೂ ತಿಳಿದಿರಲಿಲ್ಲ. ಒಕ್ಕುವ ಯಂತ್ರಕ್ಕೆ ಕೈ ಸಿಕ್ಕು ದೇವದುರ್ಗದಿಂದಲೋ ಮಾನ್ವಿಯಿಂದಲೋ ರಾಯಚೂರಿನ ಆಸ್ಪತ್ರೆಗೆ ಬರುವ ಕೂಲಿಗಾರನಿಗೆ ಈ ಹೊಸ ವಿದ್ಯೆ ಎಂದು ದಕ್ಕೀತು? ಪುಣೆಯ ಆ ಇಟ್ಟಿಗೆಯವನು ಮೂಗು ಕಟ್ಟಿದ್ದು ದೊರೆಗಲ್ಲ, ಬಂಡಿ ಹೊಡೆಯುವವನಿಗೆ ಎಂಬುದನ್ನು ನಾವು ಮರೆಯಬಾರದು.